ಮುಂಬಯಿ ಹಲ್ಲು, ಹೈದರಾಬಾದ ಹಲ್ಲು

ಸರಸಂಬಾದ ಮಲ್ಲಣ್ಣನಿಗೆ ಹಲ್ಲಿನ ಡಾಕ್ಟರನಾಗುವ ಆಸೆ ಹುಟ್ಟಿದ್ದು ಲೋಕಸೇವೆಯ ಹಂಬಲದಿಂದಲ್ಲ. ಆಳಂದದ ಸಂತೆಯಲ್ಲಿ ತಪ್ಪು ಹಲ್ಲು ಕೀಳಿಸಿಕೊಂಡದ್ದರಿಂದ.

ಅದು ನಿಜಾಮರ ಕಾಲ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಮಲ್ಲಣ್ಣ ಗುಲಬರ್ಗಾದಲ್ಲಿ ಉರ್ದುವಿನಲ್ಲಿ ಓದಿ, ಮೂರನೆಯ ದರ್ಜೆಯಲ್ಲಿ ಮೆಟ್ರಿಕ್ ದಾಟಿ, ಆಳಂದದ ಅರಳೆ ಗಿರಣಿಯಲ್ಲಿ ತೂಕದ ಕಾರಕೂನನಾಗಿ ಕೂತಿದ್ದ. ಹತ್ತಿಯ ಮೂಟೆ ತಕ್ಕಡಿಗೆ ಏರಿದಾಗ ಹಮಾಲರು ಕೂಗಿದ ತೂಕವನ್ನು ಬರೆದುಕೊಳ್ಳುವುದು ಅವನ ಕೆಲಸ. ಕೂಗುವವರು ಹಮಾಲರು, ತೂಗುವುದು ತಕ್ಕಡಿ, ಹೊರುವವರೂ ಹಮಾಲರು. ನಡುವೆ ತಾನು ಯಾಕೆ ಇದ್ದೇನೆ ಎಂಬುದು ಮಲ್ಲಣ್ಣನಿಗೇ ಸ್ಪಷ್ಟವಿರಲಿಲ್ಲ. ಆದರೂ ಮೈಮೇಲೆ ಕೋಟು ಇತ್ತು. ಕೋಟು ಇದ್ದವನನ್ನು ಯಾರೂ ಹಾಗೆಲ್ಲ ಕೇಳುವುದಿಲ್ಲ.

ಒಂದು ಸಂತೆಯ ದಿನ ದವಡೆ ನೋವು ತಾಳಲಾರದೆ ಅವನು ಸರ್ದಾರನ ಮುಂದೆ ಹೋಗಿ ಕೂತ. ಸರ್ದಾರ ಊರೂರು ತಿರುಗಿ ಹಲ್ಲು ಕೀಳುವವನು. ತಾನು ಕಿತ್ತ ಹಲ್ಲುಗಳನ್ನೆಲ್ಲ ಚಾದರದ ಮೇಲೆ ರಾಶಿ ಹಾಕಿಕೊಂಡು, ಅದೇ ತನ್ನ ಸರ್ಟಿಫಿಕೇಟು ಎಂಬಂತೆ ಕೂಡುತ್ತಿದ್ದ.

"ಯಾವ್ದ್ರೀ ಕಾರಕೂನ್ರ?" ಎಂದ ಸರ್ದಾರ.

ಮಲ್ಲಣ್ಣನ ಕಣ್ಣು ಇಕ್ಕಳದ ಮೇಲಿತ್ತು. ಬೆರಳು ಎಲ್ಲಿಗೆ ಹೋಯಿತೋ ಅವನಿಗೆ ತಿಳಿಯಲಿಲ್ಲ. ಸರ್ದಾರ ನೇಮದ ಮನುಷ್ಯ. ಬೆರಳು ತೋರಿಸಿದ್ದನ್ನು ಕಿತ್ತು ಅಂಗೈಯಲ್ಲಿಟ್ಟ. ಮುತ್ತಿನಂಥ ಹಲ್ಲು. ನೋವು ಮಾತ್ರ ಬಾಯಲ್ಲಿಯೇ ಉಳಿಯಿತು.

"ಸರ್ದಾರ, ಇದಲ್ಲೋ!"

"ನೀವ್ ತೋರ್ಸಿದ್ದು ಕಿತ್ತೀನ್ರೀ. ಹಲ್ಲಿಗಿ ನಾ ಜಿಮ್ಮೇದಾರ. ನಿಮ್ಮ ಬೆರಳಿಗಿ ಅಲ್ಲ."

ಮಲ್ಲಣ್ಣ ಗಿರಣಿಗೆ ಹೋಗಿ ಬೆರಳಿನ ಸಂಗತಿ ಹೇಳಲಿಲ್ಲ. "ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಾಗ ಹಲ್ಲಿನ ಇಲ್ಮು ಬಲ್ಲಾವ ಒಬ್ಬನೂ ಇಲ್ಲ," ಎಂದು ಊದಿದ ಕೆನ್ನೆ ಹಿಡಿದುಕೊಂಡು ಭಾಷಣ ಮಾಡಿದ. "ಹಂಗಾರ ನೀವೇ ಕಲೀರಲ್ರಿ," ಎಂದರು ಹಮಾಲರು. ಮರುದಿನ ಮತ್ತೆ ಕೇಳಿದರು. ವಾರವಿಡೀ ಕೇಳಿದರು. ಕೊನೆಗೆ ಮಾನ ಉಳಿಸಿಕೊಳ್ಳಲು ಮಲ್ಲಣ್ಣ ಎರಡು ಅರ್ಜಿ ಬರೆದ. ಒಂದು, ಮುಂಬಯಿಯ ಹೆಸರಾಂತ ದಂತ ಕಾಲೇಜಿಗೆ. ಇನ್ನೊಂದು, ನಮ್ಮದೇ ಸಂಸ್ಥಾನದ ಹೈದರಾಬಾದಿನಲ್ಲಿ ಹಳೆಯ ಹವೇಲಿಯೊಂದರ ಮಾಳಿಗೆಯ ಮೇಲೆ ಒಬ್ಬ ಉಸ್ತಾದ ನಡೆಸುತ್ತಿದ್ದ ಸಣ್ಣ ಶಾಲೆಗೆ. ಎರಡೂ ಕಡೆಯಿಂದ ಇಲ್ಲವೆಂದು ಬರುತ್ತದೆ, ಆಗ ಸರ್ಕಾರವನ್ನು ಬೈದುಕೊಂಡು ಸುಮ್ಮನಿರಬಹುದು ಎಂಬುದು ಅವನ ಲೆಕ್ಕ.

ಎರಡೂ ಕಡೆಯಿಂದ ಬಾ ಎಂದು ಬಂತು.

ಅದಕ್ಕೂ ಮೊದಲೇ ಅವನು ಮನೆಯಲ್ಲಿ ಇನ್ನೊಂದು ಎಡವಟ್ಟು ಮಾಡಿಕೊಂಡಿದ್ದ. ಅವನ ತಾಯಿ ಗೌರಾಬಾಯಿ ಬಡಿದ ಖಡಕ್ ರೊಟ್ಟಿ ಎಂದರೆ ಸರಸಂಬಾದಲ್ಲಿ ಹೆಸರಾದದ್ದು. ಎಲೆಯಷ್ಟು ತೆಳ್ಳಗೆ, ಹಪ್ಪಳದಷ್ಟು ಗರಿ. ಮದುವೆ, ಮುಂಜಿವೆ ಏನೇ ಇದ್ದರೂ ರೊಟ್ಟಿ ಬಡಿಯಲು ಅವಳಿಗೆ ಕರೆ. ಆದರೆ ಅವಳ ಬಾಯಲ್ಲಿ ಒಂದೂ ಹಲ್ಲು ಉಳಿದಿರಲಿಲ್ಲ. ಊರಿಗೆಲ್ಲ ಗರಿಗರಿ ತಿನಿಸಿ, ತನ್ನ ಪಾಲಿನ ರೊಟ್ಟಿಯನ್ನು ಒರಳಿಗೆ ಹಾಕಿ ಕುಟ್ಟಿ, ಮಜ್ಜಿಗೆಯಲ್ಲಿ ಕಲಸಿ ಕುಡಿಯುತ್ತಿದ್ದಳು. ಒಂದು ಸಂಜೆ ಅವಳು ಒರಳಿನ ಮುಂದೆ ಕೂತಾಗ ಮಲ್ಲಣ್ಣ ಕೋಟಿನ ಜೇಬಿಗೆ ಕೈ ಹಾಕಿ ನಿಂತು, "ಯವ್ವಾ, ನಾ ಕಟ್ಟೂ ಮೊದಲ ಹಲ್ಲಿನ ಸೆಟ್ಟು ನಿನ್ನ ಬಾಯಿಗೇ," ಎಂದುಬಿಟ್ಟ.

ಗೌರಾಬಾಯಿ ಒನಕೆ ನಿಲ್ಲಿಸಿದಳು. "ಹೊಟ್ಟಿ ಹ್ಯಾಂಗರ ತುಂಬ್ತದೋ ಮಲ್ಲ್ಯಾ. ಆ ಸಪ್ಪಳ ಅದಲ್ಲ, ರೊಟ್ಟಿ ಮುರಿಯೂ ಸಪ್ಪಳ, ಅದು ಮಂದಿ ಬಾಯಾಗ ಕೇಳಿ ಕೇಳಿ ಸಾಕಾಗ್ಯದ. ಒಮ್ಮಿ ನನ್ನ ಬಾಯಾಗ ಕೇಳ್ಬೇಕು ನೋಡು."

ಅಷ್ಟು ಹೇಳಿ ಮತ್ತೆ ಕುಟ್ಟತೊಡಗಿದಳು. ಹಮಾಲರ ಮುಂದೆ ಆಡಿದ ಮಾತನ್ನು ಹೇಗಾದರೂ ನುಂಗಬಹುದಿತ್ತು. ಇದನ್ನು ನುಂಗುವಂತಿರಲಿಲ್ಲ.

ಮುಂಬಯಿ ಎಂದರೆ ನಾಲ್ಕು ವರ್ಷ, ಪಾಠವೆಲ್ಲ ಇಂಗ್ಲಿಷಿನಲ್ಲಿ, ಫೀಸು ನಿಜಾಮರ ನಾಣ್ಯಕ್ಕಿಂತ ತುಟ್ಟಿಯಾದ ಕಂಪನಿ ರೂಪಾಯಿಯಲ್ಲಿ. ಹೈದರಾಬಾದ ಎಂದರೆ ಎರಡು ವರ್ಷ, ಪಾಠ ಉರ್ದುವಿನಲ್ಲಿ, ಖರ್ಚು ಎಂದರೆ ಅಕ್ಕಿ ಬೇಳೆಯ ಖರ್ಚು. ಮುಂಬಯಿಗೆ ಹೋಗಬೇಕಾದರೆ ಬಾವಿಯ ಪಕ್ಕದ ಹೊಲದ ಪಟ್ಟಿಯನ್ನು ಮಾರಬೇಕು. ಅಲ್ಲಿ ಫೇಲಾದರೆ ಹೊಲವೂ ಹೋಗಿ, ಅವ್ವನ ಹಲ್ಲೂ ಹೋಗಿ, ಮಲ್ಲಣ್ಣ ಮತ್ತೆ ತಕ್ಕಡಿಯ ಪಕ್ಕಕ್ಕೆ. ದಸರೆಯೊಳಗೆ ಯಾವುದಾದರೂ ಒಂದಕ್ಕೆ ಹೂಂ ಅನ್ನಬೇಕಿತ್ತು.

ಇಂಥ ಲೆಕ್ಕ ನೋಡಿದವನು ಹೈದರಾಬಾದಿಗೆ ಗಂಟು ಕಟ್ಟಬೇಕು. ಆದರೆ ಮಲ್ಲಣ್ಣ ತೂಕದ ಚೀಟಿಗಳ ಬೆನ್ನಮೇಲೆ ಆಗಲೇ ತನ್ನ ಬೋರ್ಡು ಬರೆದು ನೋಡಿದ್ದ: "ಡಾಕ್ಟರ್ ಮಲ್ಲಣ್ಣ, ಮುಂಬಯಿ." ಹೈದರಾಬಾದ ಎಂದು ಬರೆದು ನೋಡಿದರೆ ಅಕ್ಷರಗಳೇ ಸೊರಗಿದಂತೆ ಕಾಣುತ್ತಿದ್ದವು. ಇಂಗ್ಲಿಷಿನಲ್ಲಿ ಅವನಿಗೆ ಪೂರಾ ಬರುತ್ತಿದ್ದ ವಾಕ್ಯವೆಂದರೆ 'ಐ ಬೆಗ್ ಟು ಸ್ಟೇಟ್' ಒಂದೇ. ಅದರ ಮುಂದೆ ಏನು ಸ್ಟೇಟ್ ಮಾಡಬೇಕೆಂಬಲ್ಲಿ ತೊಡಕಿತ್ತು. ಆ ತೊಡಕು ಬೋರ್ಡಿನಲ್ಲಿ ಕಾಣುವಂಥದ್ದಲ್ಲ.

ಅವನಿಗಿಂತ ಹೆಚ್ಚು ಮುಂಬಯಿ ಹುಚ್ಚು ಹಿಡಿದದ್ದು ಅಣ್ಣ ಅಂಬಾರಾಯನಿಗೆ. ಅಂಬಾರಾಯ ಒಕ್ಕಲುತನದವನು, ಚಪ್ಪಲಿ ಸವೆದೀತೆಂದು ಕೈಯಲ್ಲಿ ಹಿಡಿದು ನಡೆಯುವ ಪೈಕಿ. ಅಂಥವನು ಕಾಗದ ಬಂದ ದಿನವೇ ಊರ ಕಟ್ಟೆಯ ಮೇಲೆ "ನಮ್ಮ ಮಲ್ಲಣ್ಣ ಮುಂಬಯಿಗಿ ಹೊಂಟ" ಎಂದು ಸಾರಿಬಿಟ್ಟಿದ್ದ. ಆದರೂ ಹೊಲದ ಪಟ್ಟಿ ಮಾರಲು ಇನ್ನೊಂದು ವಾರವಿರುವಾಗ ಅವನೊಳಗಿನ ಒಕ್ಕಲಿಗ ಎಚ್ಚರಾದ.

"ಮಲ್ಲ್ಯಾ, ಎತ್ತು ತಗೊಳ್ಳಬೇಕಾದ್ರ ಏನ್ ನೋಡ್ತೀವಿ?"

"ಹಲ್ಲು ನೋಡ್ತೀವಿ."

"ಮತ್ತ ಸಾಲಿ ತಗೊಳ್ಳಬೇಕಾದ್ರ ಕಾಗದ ಯಾಕ ನೋಡಾಕತ್ತಿ? ಹಲ್ಲು ನೋಡು. ಅಫಜಲಪುರದ ದೊಡ್ಡಪ್ಪ ಸಾವಕಾರ್ರು ಮುಂಬಯಿ ಹಲ್ಲು ಕಟ್ಟಿಸ್ಯಾರ. ಜೇವರ್ಗಿ ಲಾಡ್ಲೆಸಾಬ ಹೈದರಾಬಾದ ಹಲ್ಲು ಕಟ್ಟಿಸ್ಯಾನ. ಎರಡೂ ನೋಡಿ ಬಾ. ಯಾವ್ದು ಚಲೋ ಅದ ಅದು ತಗೊ."

ಮಲ್ಲಣ್ಣನಿಗೆ ಇದು ಹಾಸ್ಯ ಅನ್ನಿಸಿತು. ಆದರೆ ಅಂಬಾರಾಯ ಎತ್ತಿನ ವಿಷಯದಲ್ಲಿ ಹಾಸ್ಯ ಮಾಡಿದವನಲ್ಲ. ಮಲ್ಲಣ್ಣ ಗಿರಣಿಗೆ ರಜೆ ಹಾಕಿ ಮೋಟಾರು ಹತ್ತಿದ.

ದೊಡ್ಡಪ್ಪ ಸಾವಕಾರರು ಅಫಜಲಪುರದಲ್ಲಿ ಹತ್ತಿಯ ವ್ಯಾಪಾರಿ. ಗಾದಿಯ ಮೇಲೆ ಒರಗಿ ಕೂತಿದ್ದರು. ನಕ್ಕರೆ ಅಂಗಡಿಯ ಕತ್ತಲೆಗೆ ದೀಪ ಹಚ್ಚಿದ ಹಾಗೆ. ಸಾಲಾಗಿ, ಸಮನಾಗಿ, ಹಾಲಿನಂಥ ಹಲ್ಲು. ಪಡ್ಡೆ ಹುಡುಗನ ಬಾಯಲ್ಲಿಯೂ ಇಂಥವು ಸಿಕ್ಕಾವೆಂಬ ಭರವಸೆ ಇಲ್ಲ. ಮಾತು ಮಾತ್ರ ತುಟಿ ಹೆಚ್ಚು ತೆರೆಯದೆ, ಮೆಲ್ಲಗೆ, ಅಳೆದು ತೂಗಿ ಬರುತ್ತಿತ್ತು. ಮುಂಬಯಿ ಹಲ್ಲು ಮನುಷ್ಯನಿಗೆ ಗಾಂಭೀರ್ಯವನ್ನೂ ಕೊಡುತ್ತದೆ ಎಂದು ಮಲ್ಲಣ್ಣ ಮನಸ್ಸಿನಲ್ಲಿಯೇ ಗುರುತು ಹಾಕಿಕೊಂಡ.

ಊಟಕ್ಕೆ ಎಬ್ಬಿಸಿದರು. ತಾಟು ಬಂತು, ಎಣ್ಣೆಗಾಯಿ ಬಂತು, ಶೇಂಗಾ ಹಿಂಡಿ ಬಂತು, ಖಡಕ್ ರೊಟ್ಟಿಯ ಗೋಪುರವೇ ಬಂತು. ಮಲ್ಲಣ್ಣ ಕಣ್ಣು ಕೀಲಿಸಿ ಕೂತ. ಸಾವಕಾರರು ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಹಾಕಿ, ಎರಡೂ ಸಾಲು ಹಲ್ಲನ್ನು ತೆಗೆದು, ತಂಬಿಗೆಯ ನೀರಿನಲ್ಲಿ ಅದ್ದಿ, ಒರೆಸಿ, ಒಳಗೆ ಕೆಂಪು ಮಖಮಲ್ಲು ಹಾಸಿದ ಬೆಳ್ಳಿಯ ಎಲೆ-ಅಡಿಕೆ ಡಬ್ಬಿಯಲ್ಲಿ ಮಲಗಿಸಿದರು. ತಿರುಗಿದಾಗ ಅವರ ಮುಖ ಗಾಳಿ ಬಿಟ್ಟ ತಿದಿಯಂತೆ ಒಳಗೆ ಹೋಗಿತ್ತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿದರು.

"ಇದೇನ್ರಿ ಸಾವ್ಕಾರ್ರ! ಊಟಕ್ಕ ಹಲ್ಲು ತೆಗದ್ರಿ?"

"ಊಟಕ್ಕ ಹಲ್ಲು ಯಾಕಪಾ? ಇವು ಮುಂಬಯಿ ಹಲ್ಲು. ತಹಸೀಲದಾರ ಬಂದಾಗ ಹಾಕ್ಕೋತೇನಿ. ಬೀಗರು ಬಂದಾಗ ಹಾಕ್ಕೋತೇನಿ. ನಿನ್ನಂಥ ಕಲ್ತ ಮಂದಿ ಬಂದಾಗೂ ಹಾಕ್ಕೋತೇನಿ. ರೊಟ್ಟಿಗಿ ಹಚ್ಚಿ ಸವಸಾಕ ಬರ್ತದೇನು?"

ಬಡಿಸುತ್ತಿದ್ದ ಹೆಂಡತಿ ಸುಮಿತ್ರಾಬಾಯಿಗೆ ತಡೆಯಲಾಗಲಿಲ್ಲ. "ಸುಳ್ಳ್ಯಾಕ ಹೇಳ್ತೀರಿ? ಬಾಯಿ ಪೂರಾ ತೆರದ್ರ ಬೀಳ್ತಾವಪಾ ತಮ್ಮಾ. ಹ್ವಾದ ವರ್ಷ ಆಳಿನ ಮ್ಯಾಲ ಒದರಾಕ ಹೋದ್ರು, ಹಲ್ಲು ಹಾರಿ ಹೋಗಿ ಅವನ ಉಡ್ಯಾಗ ಬಿದ್ವು. ಅವ ಎರಡೂ ಕೈಲಿ ಹಿಡದು, ತಗೋರಿ ಧಣೀ ಅಂತ ಸಲಾಮ್ ಮಾಡಿ ಕೊಟ್ಟ. ಅವತ್ತಿನಿಂದ ಇವರು ಆಳಿಗಿ ಬೈಯೂದೇ ಬಿಟ್ಟಾರ."

"ಮತ್ತ ಮುಂಬಯಿ ಡಾಕ್ಟರು ಹೆಂಗ ಕಟ್ಟಿದ್ರು?"

"ಡಾಕ್ಟರದೇನ್ ತಪ್ಪು? ಇವರು ಅಲ್ಲಿ ಹೆಂಗ ಕುಂತಿದ್ರು ಕೇಳು. ತಾಲೂಕದಾರ್ರ ಮುಂದ ಕುಂತಂಗ, ಕುರ್ಚಿ ತುದಿಗಿ. ಬಾಯಿ ತೆಗೀರಿ ಅಂದ್ರ, ಹುಜೂರ್ ಅಂತ ಕೈ ಅಡ್ಡ ಹಿಡದ್ರು. ಅಚ್ಚು ತೆಗೀಬೇಕು, ಈ ಮೇಣ ಕಚ್ಚರಿ ಅಂದ್ರ, ದೊಡ್ಡವರ ಮುಂದ ಹೆಂಗ ಕಚ್ಚೂದು ಅಂತ ತುಟಿ ಮುಂದ ಮಾಡಿ ಮೆಲ್ಲಕ ಮುಟ್ಟಿಸಿದ್ರು. ಹೆಂಗ ಕುಂತ್ರೋ ಹಂಗ ಹಲ್ಲು ಬಂದ್ವು."

ಮಲ್ಲಣ್ಣನ ತಾಟಿನ ಪಕ್ಕದಲ್ಲಿಯೇ ಉತ್ತರವನ್ನು ಬಡಿಸಿ ಇಟ್ಟಂತಾಗಿತ್ತು. ಅವನು ಡಬ್ಬಿಯ ಮಖಮಲ್ಲು ನೋಡುತ್ತಿದ್ದ. ತಾನೂ ಮುಂದೆ ಹಲ್ಲಿನ ಜೊತೆಗೆ ಇಂಥ ಡಬ್ಬಿಯನ್ನು ಕೊಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದ.

ಭೀಮೆಯನ್ನು ಹರಿಗೋಲಿನಲ್ಲಿ ದಾಟಿ, ಬಾಡಿಗೆ ಗಾಡಿ ಹಿಡಿದು ಮಲ್ಲಣ್ಣ ಜೇವರ್ಗಿ ಮುಟ್ಟಿದ. ಲಾಡ್ಲೆಸಾಬ ಸರ್ಕಾರದ ಗಿರದಾವರನಾಗಿ, ಕಂದಾಯದ ತಪಾಸಣೆಗೆಂದು ಹೊಲಹೊಲ ತಿರುಗಿ ಪಿಂಚಣಿ ಪಡೆದವನು. ಮನೆಯ ಮುಂದಿನ ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಮಲ್ಲಣ್ಣನನ್ನು ಕಂಡು ನಕ್ಕ. ಮಲ್ಲಣ್ಣನೂ ನಕ್ಕ. ಬಂದ ಕಾರಣ ಕೇಳುವಾಗಲೂ ಲಾಡ್ಲೆಸಾಬ ನಕ್ಕ, ಬಿಸಿಲು ಜಾಸ್ತಿ ಎಂದಾಗಲೂ ನಕ್ಕ, ತನ್ನ ತಮ್ಮ ತೀರಿಹೋದ ಸುದ್ದಿ ಹೇಳುವಾಗಲೂ ನಕ್ಕ. ಆಗ ಮಲ್ಲಣ್ಣನಿಗೆ ತಿಳಿಯಿತು, ಇದು ನಗೆಯಲ್ಲ, ಹಲ್ಲು. ಕುದುರೆಗೆ ಒಪ್ಪುವಷ್ಟು ಉದ್ದ, ಬೆಲ್ಲದ ಬಣ್ಣ, ಮುಂದಿನವು ತುಟಿಯನ್ನು ನೂಕಿಕೊಂಡು ಹೊರಗೆ ಬಂದು ನಿಂತಿದ್ದವು.

"ಹೆದರಬ್ಯಾಡಪಾ," ಎಂದಳು ಒಳಗಿನಿಂದ ಚಹಾ ತಂದ ಹೆಂಡತಿ ಬಾನುಬಿ. "ಮಯ್ಯತ್ತಿಗಿ ಹೋದ್ರ ಇವರನ್ನ ಹಿಂದಿನ ಸಾಲಿನಾಗ ನಿಲ್ಲಸ್ತಾರ. ಸತ್ತೋರ ಮನಿಯವರಿಗಿ ಸಿಟ್ಟು ಬರ್ತದಲ್ಲ."

"ಅರೇ, ಚಂದಕ್ಕ ಕಟ್ಟಿಸೀನೇನು?" ಎಂದ ಲಾಡ್ಲೆಸಾಬ. "ಬಾನು, ರೊಟ್ಟಿ ತಾ."

ಬಾನುಬಿ ರೊಟ್ಟಿ ತಂದಳು. ಎಷ್ಟೋ ದಿನದ ಹಿಂದಿನದು, ಬಗ್ಗಿಸಿದರೆ ಬೆರಳು ಕೊಯ್ಯುವಂಥದ್ದು. ಲಾಡ್ಲೆಸಾಬ ಅದನ್ನು ಮುರಿಯಲೂ ಇಲ್ಲ. ಅಂಚನ್ನು ದವಡೆಗೆ ಕೊಟ್ಟು ಒಮ್ಮೆ ಕಚ್ಚಿದ. ಕಟಂ! ಬೇವಿನ ಮೇಲಿದ್ದ ಗುಬ್ಬಿಗಳು ಹಾರಿಹೋದವು. ಮೇಲೆ ಒಂದು ಹಿಡಿ ಹುರಿದ ಶೇಂಗಾ ಹಾಕಿಕೊಂಡು ಗಿರಣಿಯಂತೆ ಅರೆದ. ಹಲ್ಲು ಜಗ್ಗಲಿಲ್ಲ.

ಮಲ್ಲಣ್ಣ ತನ್ನ ನೋಯುವ ದವಡೆಯನ್ನು ಹಿಡಿದುಕೊಂಡ. "ಚಾಚಾ, ಇದು ಹೆಂಗ್ರಿ?"

"ಕೇಳು ಬೇಟಾ. ನಾ ಹೈದರಾಬಾದದಾಗ ಆ ಹವೇಲಿ ಮಾಳಿಗಿಗೇ ಹೋಗಿ ಕುರ್ಚಿ ತುದಿಗಿ ಕುಂತೆ. ಜೀ ಹುಜೂರ್, ಜೀ ಹುಜೂರ್ ಅಂದೆ. ನೌಕರಿ ಪೂರಾ ಸಾಹೇಬರ ಮುಂದ ಅದೇ ಅಂದೀನಲ್ಲ! ಆ ಉಸ್ತಾದ, ಮುದುಕ, ಮೇಣ ಕೈಯಾಗ ಹಿಡದಾವ, ಕೆಳಗ ಇಟ್ಟುಬಿಟ್ಟ. ಯಾವೂರು ಅಂದ. ಜೇವರ್ಗಿ ಹುಜೂರ್ ಅಂದೆ. ಓಹೋ ಜೇವರ್ಗಿ ಏನು, ಅಲ್ಲಿ ಜೋಳ ನಮ್ಮ ಟಾಂಗಾ ಕುದುರಿ ಸುದಾ ಮೂಸಲ್ಲ ಅಂತ ಕೇಳೀನಿ ಅಂದ."

"ಹಂಗ ಅಂದ್ನ್ಯಾ?"

"ಅಂದ! ಖುದಾ ಕಸಮ್, ನಾ ಎದ್ದು ನಿಂತೆ. ಯಾವನಲೇ ನಿಂಗ ಹೇಳಿದಾವ, ಕರಿ ಅವನ್ನ ಅಂದೆ. ನಮ್ಮ ಜೋಳದ ಸುದ್ದಿ ನಿನಗೇನ್ ಗೊತ್ತು ಅಕ್ಕಿ ತಿನ್ನೂ ಮನಷ್ಯಾ ಅಂದೆ. ನಾ ಒದರಾಕತ್ತೇನಿ, ಅವ ಬಗ್ಗಿ ನನ್ನ ದವಡಿ ನೋಡಾಕತ್ಯಾನ. ಬೈದು ಬೈದು ದಣದು ಬಾಯಿ ಮುಚ್ಚಿದೆ ನೋಡು, ಆವಾಗ ನಡುವ ಮೇಣ ಇಟ್ಟುಬಿಟ್ಟ. ಬಸ್, ಇದು ನಿಮ್ಮ ಬಾಯಿ, ಮೊದಲ ತಂದಿದ್ದಿರಲ್ಲ ಅದು ಸರ್ಕಾರಿ ಬಾಯಿ ಅಂದ. ಆಮ್ಯಾಲ ಮಾಫ್ ಮಾಡ್ರಿ ಅಂತ ಚಹಾ ಕುಡಿಸಿದ."

ಮಲ್ಲಣ್ಣನಿಗೆ ಅಫಜಲಪುರದಲ್ಲಿ ಸುಮಿತ್ರಾಬಾಯಿ ಹೇಳಿದ್ದು ಈಗ ಬಂದು ಬಡಿಯಿತು. ಸಾವಕಾರರ ಹಲ್ಲಿನಲ್ಲಿ ಊನವಿರಲಿಲ್ಲ. ಅವರು ಮುಂಬಯಿಗೆ ಒಯ್ದ ಬಾಯಿಯೇ ಬೇರೆ.

"ಮುಂಬಯಿದಾಗೂ ಹಿಂಗ ಕಲಸ್ತಾರೇನ್ರಿ ಚಾಚಾ?"

"ನಂಗೇನ್ ಗೊತ್ತು? ಆದ್ರ ಜೇವರ್ಗಿ ಜೋಳಕ್ಕ ಬೈಬೇಕಂದ್ರ ಮೊದಲ ಜೇವರ್ಗಿ ಎಲ್ಲದ ಅಂತ ಗೊತ್ತಿರಬೇಕಲ್ಲ!" ಎಂದು ಲಾಡ್ಲೆಸಾಬ ನಕ್ಕ. ಈ ಸಲ ನಿಜವಾಗಿಯೂ ನಕ್ಕಿರಬೇಕು. ನೋಡಿ ಹೇಳುವ ಹಾಗಿರಲಿಲ್ಲ.

ಮರಳುವಾಗ ಹರಿಗೋಲು ಹೊಳೆಯ ನಡುವೆ ತಿರುಗುತ್ತಿತ್ತು, ಮಲ್ಲಣ್ಣನ ತಲೆಯೂ ತಿರುಗುತ್ತಿತ್ತು. ಮುಂಬಯಿ ಬೋರ್ಡು ಅಷ್ಟು ಸುಲಭವಾಗಿ ಕಣ್ಣ ಮುಂದಿನಿಂದ ಇಳಿಯುವಂಥದ್ದಲ್ಲ. ಆದರೆ ಅವನಿಗೆ ತನ್ನ ಬಾಯಿಯ ಪರಿಚಯ ಚೆನ್ನಾಗಿತ್ತು. ಸರ್ದಾರನ ಇಕ್ಕಳದ ಮುಂದೆ ತನ್ನ ಹಲ್ಲು ಯಾವುದೆಂದು ಹೇಳಲಾರದ ಬಾಯಿ. ಇಂಗ್ಲಿಷು ಆಡುವ ಪ್ರೊಫೆಸರರ ಮುಂದೆ ಅದು ತೆರೆದೀತೆ? ನಾಲ್ಕೂ ವರ್ಷ ಕೊನೆಯ ಬೆಂಚಿನ ತುದಿಯಲ್ಲಿ ಸರ್ಕಾರಿ ಬಾಯಿ ಮಾಡಿಕೊಂಡು ಕೂತು, ತಿಳಿಯದಿದ್ದರೂ ಎಸ್ ಸರ್ ಅಂದು, ಕೊನೆಗೆ ಯಾರ ಬಾಯಿಗೂ ಹತ್ತದ ಹಲ್ಲು ಕಟ್ಟುವುದನ್ನು ಕಲಿತು ಬರುವವನೇ ತಾನು. ಅವ್ವನಿಗೆ ಮಖಮಲ್ಲಿನ ಡಬ್ಬಿ ಕೊಟ್ಟು, ಬೀಗರು ಬಂದಾಗ ಹಾಕ್ಕೋ ಅನ್ನಬೇಕು. ಒರಳು ಒರಳಿನ ಜಾಗದಲ್ಲಿಯೇ ಇರುತ್ತದೆ.

ಮನೆಗೆ ಬಂದವನೇ, "ಹೈದರಾಬಾದ," ಎಂದ.

ಅಂಬಾರಾಯ ಹೊಲ ಉಳಿಯಿತೆಂದು ಹಿಗ್ಗುತ್ತಾನೆ ಎಂದುಕೊಂಡರೆ, ತಲೆಯ ಮೇಲೆ ಕೈ ಹೊತ್ತು ಕೂತ. "ನಾ ಕಟ್ಟಿ ಮ್ಯಾಲ ಕುಂತು ಮುಂಬಯಿ ಅಂದಾಗ್ಯದಲ್ಲಲೇ! ಈಗ ಮಂದಿಗಿ ಏನ್ ಹೇಳ್ಲಿ? ಮಾರಿ ಎಲ್ಲಿ ಇಟ್ಕೊಳ್ಲಿ?"

"ಹಲ್ಲು ನೋಡಿ ತಗೊ ಅಂದಾವ ನೀನೇ ಯಣ್ಣಾ."

"ನಾ ಅಂದೆ ಅಂತ ನೋಡೇಬಿಡೂದೇನು? ಮುಂಬಯಿ ಹಲ್ಲು ಚಲೋ ಅದಾವ ಅಂತ ಒಂದು ಮಾತು ಬಂದು ಹೇಳಿದ್ರ ಏನ್ ಹೋಗ್ತಿತ್ತು ನಿಂದು?"

ಗೌರಾಬಾಯಿ ಒರಳಿನ ಮುಂದಿನಿಂದ ತಲೆಯೆತ್ತಿದಳು. "ಕಟ್ಟಿ ಮ್ಯಾಲ ಕುಂತಾವ್ರಿಗೂ ಹಲ್ಲಿಲ್ಲೋ ಅಂಬಾರಾಯಾ. ಹಲ್ಲು ಬಂದ ಮ್ಯಾಲ ಕೇಳ್ಲಿ, ಆವಾಗ ಹೇಳೋಣು." ಆಮೇಲೆ ಮಲ್ಲಣ್ಣನ ಕಡೆ ನೋಡಿ, "ಎರಡು ವರ್ಷ ಅಂದಿಯಲ್ಲ? ಎರಡು ವರ್ಷ ಈ ಒರಳು ತಡೀತದ," ಎಂದಳು.

ಕಟ್ಟೆಯವರು ಕೇಳಲೇ ಇಲ್ಲ. ಒಮ್ಮೆ ಮುಂಬಯಿ ಎಂದು ಕೇಳಿದ್ದನ್ನು ಅವರು ಬದಲಿಸುವ ಗೋಜಿಗೆ ಹೋಗಲಿಲ್ಲ. ಮಲ್ಲಣ್ಣ ಬದುಕಿದ್ದಷ್ಟು ಕಾಲ ಮುಂಬಯಿಯ ಮುಖ ನೋಡಲಿಲ್ಲ. ಸರಸಂಬಾದಲ್ಲಿ ಅವನನ್ನು ಕರೆದದ್ದು ಮಾತ್ರ ಮುಂಬಯಿ ಡಾಕ್ಟರ ಎಂದೇ.

ಹೈದರಾಬಾದಿನಲ್ಲಿ ಮೊದಲ ದಿನ ಉಸ್ತಾದರು, "ಯಾರ ಹಲ್ಲು ನೋಯುತ್ತಿದೆ?" ಎಂದು ಹುಡುಗರನ್ನು ಕೇಳಿದರು. ಊದಿದ ಕೆನ್ನೆಯೇ ಮಲ್ಲಣ್ಣನನ್ನು ಎಬ್ಬಿಸಿತು. ಕುರ್ಚಿಯಲ್ಲಿ ಕೂತು ಅಭ್ಯಾಸಬಲದಿಂದ ಬೆರಳೆತ್ತಿದ. ಉಸ್ತಾದರು ಬೆರಳಿನ ಮೇಲೆ ಫಟ್ ಎಂದು ಹೊಡೆದರು. "ತೋರಿಸೋದು ನಿನ್ನ ಕೆಲಸ ಅಲ್ಲ. ಹುಡುಕೋದು ನನ್ನ ಕೆಲಸ." ಹುಡುಕಿದರು, ಬಡಿದು ನೋಡಿದರು, ಕಿತ್ತರು. ಅವತ್ತು ರಾತ್ರಿ ಮಲ್ಲಣ್ಣ ತಿಂಗಳುಗಟ್ಟಲೆಯ ನಿದ್ದೆಯನ್ನು ಒಂದೇ ಸಲ ಮಾಡಿದ.

ಎರಡು ವರ್ಷದಲ್ಲಿ ಅವನು ಅಚ್ಚು ತೆಗೆಯುವುದನ್ನು ಕಲಿತ, ರಬ್ಬರಿನ ಒಸಡು ಬೇಯಿಸುವುದನ್ನು ಕಲಿತ, ಹಲ್ಲು ಕೂಡಿಸುವುದರಲ್ಲಿ ಉಸ್ತಾದರೇ ತಲೆದೂಗುವಂತಾದ. ಒಂದೇ ಒಂದು ವಿದ್ಯೆ ಹತ್ತಲಿಲ್ಲ: ಜಗಳ. ಗಿರಾಕಿಯನ್ನು ರೇಗಿಸು ಎಂದರೆ, "ನಿಮ್ಮೂರ ಜೋಳ ಅಷ್ಟೇನೂ ಚೆನ್ನಾಗಿಲ್ಲವಂತೆ, ತಪ್ಪು ತಿಳಿಯಬೇಡಿ," ಎನ್ನುತ್ತಿದ್ದ. ಗಿರಾಕಿಗಳು ಅವನ ಹೆಗಲು ತಟ್ಟಿ ಸಮಾಧಾನ ಹೇಳುತ್ತಿದ್ದರು. "ಮಲ್ಲಣ್ಣ," ಎಂದರು ಉಸ್ತಾದರು ಕಳಿಸಿಕೊಡುವಾಗ, "ನಿನ್ನ ಕೈ ಪಾಸಾಗಿದೆ. ನಾಲಿಗೆ ಇನ್ನೂ ನಪಾಸು."

ಆಳಂದದ ಬಜಾರಿನಲ್ಲಿ ಒಂದು ಖೋಲಿ ಹಿಡಿದು, ಬಡಗಿಯಿಂದ ಕುರ್ಚಿ ಮಾಡಿಸಿ, ಮಲ್ಲಣ್ಣ ಬಾಗಿಲು ತೆರೆದ. ಬೋರ್ಡಿನ ಮೇಲೆ ಊರಿನ ಹೆಸರನ್ನೇ ಹಾಕಿಸಲಿಲ್ಲ. ಮೊದಲ ದಿನವೇ ಅಂಬಾರಾಯ ಅವ್ವನನ್ನು ಚಕ್ಕಡಿಯಲ್ಲಿ ಕರೆತಂದ. ಗೌರಾಬಾಯಿ ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟಿದ್ದಳು. ಒಳಗೆ ಬಂದು ಬಿಳಿ ನಿಲುವಂಗಿ ತೊಟ್ಟ ಮಗನನ್ನು ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕುರ್ಚಿಯ ತುದಿಗೆ ಕೂತಳು.

"ಯವ್ವಾ, ಬಾಯಿ ತೆಗಿ."

"ಆಗ್ಲ್ರೀ."

ಮಲ್ಲಣ್ಣ ಕೈಯಲ್ಲಿದ್ದ ಮೇಣ ಬೀಳಿಸಿದ. "ಯವ್ವಾ! ನಾ ಮಲ್ಲ್ಯಾ ಬೇ!"

"ಗೊತ್ತದ್ರಿ," ಎಂದಳು ಗೌರಾಬಾಯಿ, ಸೆರಗಿನೊಳಗಿನಿಂದ.

ಹೆತ್ತ ತಾಯಿ ಸರ್ಕಾರಿ ಬಾಯಿ ತಂದಿದ್ದಳು. ಅಚ್ಚನ್ನು ಈಗಲೇ ತೆಗೆದರೆ ಸಾವಕಾರರ ಹಲ್ಲೇ ಆಗುತ್ತವೆ. ಮಲ್ಲಣ್ಣ ಬೆವರು ಒರೆಸಿಕೊಂಡು, ಉಸ್ತಾದರನ್ನು ನೆನೆದು, ಜಗಳಕ್ಕೆ ಇಳಿದ.

"ನಿನ್ನ ಹಿಂಡಿಗಿ ಇತ್ತಿತ್ತಲಾಗಿ ಉಪ್ಪು ಜಾಸ್ತಿ ಆಗ್ಯದ ಬೇ."

"ಹೌದ್ರಿ. ವಯಸ್ಸಾತಲ್ರಿ."

"ನಾ ಸಣ್ಣಾವಿದ್ದಾಗ ನೀ ನಂಗಿಂತ ಅಂಬಾರಾಯಣ್ಣಗ ಹೆಚ್ಚ ಬೆಣ್ಣಿ ಹಾಕ್ತಿದ್ದಿ."

"ಆತ ಹೊಲಕ್ಕ ಹೋಗ್ತಿದ್ದಲ್ರಿ."

ಬಾಗಿಲಲ್ಲಿ ನಿಂತಿದ್ದ ಅಂಬಾರಾಯ ಏನೂ ತಿಳಿಯದೆ, "ಬೆಣ್ಣಿ ಲೆಕ್ಕ ಈಗ ಯಾಕ ತೆಗದಿಯೋ?" ಎಂದ. ಮಲ್ಲಣ್ಣ ಕಣ್ಣು ಮುಚ್ಚಿದ. ತಾನು ಆಡಲಿರುವ ಮಾತು ಎಂಥದ್ದೆಂದು ಅವನಿಗೆ ಗೊತ್ತಿತ್ತು.

"ಹೈದರಾಬಾದಿನಾಗ ಖಾನಾವಳಿ ಇತ್ತು ಯವ್ವಾ. ಅಲ್ಲಿ ಒಬ್ಬಾಕಿ ರೊಟ್ಟಿ ಬಡೀತಿದ್ಲು. ಅಕೀ ರೊಟ್ಟಿ ತಿಂದ ಮ್ಯಾಲ ಗೊತ್ತಾತು ನೋಡು. ನಿನ್ನವು ಸ್ವಲ್ಪ... ದಪ್ಪ. ಮೆತ್ತಗ."

ಸೆರಗು ಬಾಯಿಂದ ಕೆಳಗೆ ಬಿತ್ತು.

"ಏನಂದೀ?"

"ಮೆತ್ತಗ ಅಂದೆ."

"ಮೆತ್ತಗ? ನನ್ನ ರೊಟ್ಟಿ ಮೆತ್ತಗ? ಲೇ ಮಲ್ಲ್ಯಾ, ನಿನ್ನ ಹಡದು ಬಾಣಂತನದಾಗ ಎದ್ದು ಬಡದೀನಿ, ಆವಾಗ ಸುದಾ ಯಾರೂ ಮೆತ್ತಗ ಅಂದಿಲ್ಲ! ದೇಸಾಯರ ವಾಡೇದಿಂದ ಗಾಡಿ ಕಳಸ್ತಿದ್ರು ನನಗ! ಯಾವಾಕಿ ಅಕಿ? ಹೆಸರೇನು? ಜೋಳ ಎಲ್ಲಿಂದ ತರ್ತಾಳ? ಎಸರಿಟ್ಟು ನಾದ್ತಾಳೋ ತಣ್ಣೀರಾಗ ನಾದ್ತಾಳೋ, ಕೇಳಿದೇನು? ಎರಡು ವರ್ಷ ಪಟ್ಟಣದಾಗಿದ್ದು ಬಂದು ತಾಯಿ ಕೈಗಿ ಹೆಸರಿಡ್ತಿ? ಕೋಟು ಹಾಕ್ಕೊಂಡ ಕೋಡಗ!"

ಬಜಾರಿನ ಮಂದಿ ಬಾಗಿಲಲ್ಲಿ ಸೇರಿದರು. ಅಂಬಾರಾಯ "ಯವ್ವಾ, ಯವ್ವಾ" ಎನ್ನುತ್ತ ಅವಳ ಕೈ ಹಿಡಿದರೆ ಅವನಿಗೂ ಒಂದು ಪಾಲು ಸಿಕ್ಕಿತು. ಮಲ್ಲಣ್ಣ ಬಗ್ಗಿ, ಮೇಣ ಹಿಡಿದು, ದವಡೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದ. ಕೊನೆಗೆ ಗೌರಾಬಾಯಿ ದಣಿದು, "ಥೂ ನಿನ್ನ," ಎಂದು ಬಾಯಿ ಮುಚ್ಚುವಷ್ಟರಲ್ಲಿ ಮೇಣ ಒಳಗೆ ಹೋಗಿತ್ತು.

"ಬಸ್ ಯವ್ವಾ! ಇದು ನಿನ್ನ ಬಾಯಿ!"

ಅಚ್ಚು ಅಚ್ಚುಕಟ್ಟಾಗಿ ಬಂತು. ಜಗಳವೂ ಅಷ್ಟೇ ಅಚ್ಚುಕಟ್ಟಾಗಿ ಬಂದಿತ್ತು ಎಂಬುದೇ ಮುಂದಿನ ತೊಂದರೆ. ಹಲ್ಲಿನ ಸೆಟ್ಟು ತಯಾರಾಗಿ, ಅದನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ಮಲ್ಲಣ್ಣ ಸರಸಂಬಾಕ್ಕೆ ಹೋದರೆ, ಗೌರಾಬಾಯಿ ಮುಟ್ಟಲೂ ಇಲ್ಲ.

"ಆ ಹೈದರಾಬಾದಿನಾಕಿಗೇ ಹಾಕು ಹೋಗು. ಅಕಿ ತೆಳ್ಳನ ರೊಟ್ಟಿ ಅಕಿನೇ ಕಡೀಲಿ," ಎಂದು ಒರಳನ್ನು ಮುಂದಕ್ಕೆ ಎಳೆದುಕೊಂಡಳು.

"ಯವ್ವಾ, ಅಲ್ಲಿ ಅಂಥಾಕಿ ಯಾರೂ ಇದ್ದಿಲ್ಲ ಬೇ. ಎರಡು ವರ್ಷ ಅನ್ನ ತಿಂದೀನಿ. ರೊಟ್ಟಿ ಮಾರಿ ಸುದಾ ನೋಡಿಲ್ಲ. ನಿನ್ನ ಅಚ್ಚು ಸರಿಯಾಗಿ ಬರ್ಲಿ ಅಂತ ಸುಳ್ಳು ಹೇಳಿದೆ."

"ಬಜಾರದಾಗ ಹತ್ತು ಮಂದಿ ಮುಂದ ಅಂದಿ. ಇಲ್ಲಿ ಮನ್ಯಾಗ ಇಲ್ಲ ಅಂದ್ರ ಹೆಂಗಾತು?"

ಹೀಗಾಗಿ ಮುಂಬಯಿ ಡಾಕ್ಟರ ಊರ ಕಟ್ಟೆಗೆ ಹೋಗಿ ನಿಂತು, ಕೋಟಿನ ಗುಂಡಿ ಹಾಕಿಕೊಂಡು, "ನಮ್ಮವ್ವನ ರೊಟ್ಟಿಯಂಥ ರೊಟ್ಟಿ ನಾ ಎಲ್ಲೂ ತಿಂದಿಲ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು. ಕಟ್ಟೆಯವರು, ಮುಂಬಯಿಯಲ್ಲಿ ಹುಡುಗ ಬಹಳ ಹಸಿದಿದ್ದಾನೆ ಎಂದುಕೊಂಡರು.

ಮನೆಗೆ ಮರಳಿದಾಗ ಗೌರಾಬಾಯಿ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕೈವಸ್ತ್ರ ಬಿಚ್ಚಿತ್ತು. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ತಿರುವಿ ನೋಡಿ, ಬೆರಳಿನಿಂದ ಬಡಿದು ನೋಡಿ, ಅಂಚನ್ನು ಬಾಯಿಗೆ ಒಯ್ದಳು.

ಕಟಂ!

"ಯಾರಲೇ ಅದು, ಕಟ್ಟಿಗಿ ಮುರದಾವ್ರು?" ಎಂದು ದನದ ಕೊಟ್ಟಿಗೆಯಿಂದ ಅಂಬಾರಾಯ ಕೂಗಿದ.

ಗೌರಾಬಾಯಿ ಕಿವಿಯನ್ನೆಲ್ಲ ಬಾಯಲ್ಲಿಟ್ಟುಕೊಂಡವಳಂತೆ ನಿಧಾನವಾಗಿ ಅಗಿದಳು, ನುಂಗಿದಳು. ಇನ್ನೊಂದು ತುಂಡು ಕಚ್ಚಿದಳು. ಮತ್ತೆ ಅದೇ ಸಪ್ಪಳ. ಆಮೇಲೆ ಮೆಲ್ಲಗೆ ಮಗನ ಕಡೆ ತಿರುಗಿದಳು. ಬಾಯಿ ತುಂಬ ಹಲ್ಲಿತ್ತು, ಕಣ್ಣು ತುಂಬ ನೀರಿತ್ತು, ದನಿಯಲ್ಲಿ ಮಾತ್ರ ಬಜಾರಿನ ಆ ದಿನದ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಈಗ ಹೇಳು. ಮೆತ್ತಗದೇನು?"